ಅಂಚಿನಿಂದ ಒಂದು ಗೇಣು

ಮರದ ಕಸುಬು ಬಲ್ಲವರು ಮೊದಲೇ ಕ್ಷಮಿಸಿಬಿಡಬೇಕು. ಹಲಗೆ ಒಣಗಿಸುವ ಕೆಲಸವನ್ನು ಕೇಳಿ ತಿಳಿದವರು ಹೇಳುವುದೇ ಬೇರೆ, ಅದನ್ನು ಮಾಡಿ ಅಂಗೈಗೆ ಸಿಬಿರು ಚುಚ್ಚಿಸಿಕೊಂಡವರು ಹೇಳುವುದೇ ಬೇರೆ. ಆದರೂ ಅದನ್ನು ಬಿಟ್ಟು ಮುಂದೆ ಹೋದರೆ ಈ ವಾರ ನಡೆದದ್ದು ಯಾರಿಗೂ ಅರ್ಥವಾಗುವುದಿಲ್ಲ. ಅದೊಂದೇ ಕಾರಣಕ್ಕೆ ಈ ಧೈರ್ಯ. ತಪ್ಪಿದ್ದರೆ ಹೇಳಿದವರದು.

“ಅಕ್ಕಾ, ಸ್ವಲ್ಪ ಆಚೆ ಸರೀರಿ! ಹೀಗೆ ಅಡ್ಡ ನಿಂತ್ರೆ ನಾನು ಹಲಗೆ ಏರಿಸಬೇಕೋ, ನಿಮ್ಮನ್ನೇ ಏರಿಸಬೇಕೋ?”

ಲಾರಿ ಡ್ರೈವರ್ ಶೆಡ್ಡಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಲಾರಿಯ ಹಿಂಬಾಗಿಲು ಇಳಿಬಿಟ್ಟಾಗಿತ್ತು. ಪೊಲೀಸರು ನೋಡಿ ಬದಿಗೆ ಸರಿಸಿದ್ದ ಹಲಗೆಗಳೆಲ್ಲ ಆಗಲೇ ಲಾರಿ ಹತ್ತಿದ್ದವು. ನೆಲಕ್ಕಂಟಿಕೊಂಡು ಮೊಣಕಾಲೆತ್ತರಕ್ಕೆ ನಿಂತಿದ್ದ, ಹಲಗೆ ಪೇರಿಸಿ ಕಟ್ಟಿದ ಅಟ್ಟಿಯ ಬುಡ ಮಾತ್ರ ಉಳಿದಿತ್ತು.

ಅಕ್ಕ ಅಲುಗಲಿಲ್ಲ. ಮಿಲ್ಲಿಗೆ ಬರುವವರಿಗೆಲ್ಲ, ಅವಳಿಗಿಂತ ಹಿರಿಯರಿಗೂ, ಅವಳು ಅಕ್ಕನೇ. ಆದರೆ ಹುಟ್ಟಿನಿಂದ ಅವಳನ್ನು ಅಕ್ಕ ಎಂದು ಕರೆದವನು ಒಬ್ಬನೇ. ಅವನು ಈಗ ಲಾಕಪ್ಪಿನಲ್ಲಿದ್ದ. ಹೋದ ವಾರ ಇದೇ ಶೆಡ್ಡಿನಲ್ಲಿ ಹಲಗೆಯ ಅಟ್ಟಿ ಕುಸಿದು ಮಿಲ್ಲಿನ ಪಾಲುದಾರ ದಿಮ್ಮಿರಾಯ ಸತ್ತಿದ್ದ. ಅಟ್ಟಿ ಕಟ್ಟಿದ ತಮ್ಮನನ್ನು ಪೊಲೀಸರು ಕೊಲೆಯ ಅನುಮಾನದ ಮೇಲೆ ಹಿಡಿದುಕೊಂಡು ಹೋಗಿದ್ದರು. ಪೊಲೀಸ್ ಕಸ್ಟಡಿ ಮುಗಿದು, ನಾಳೆ ಬೆಳಿಗ್ಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಜೈಲು.

ಅವಳು ಶೆಡ್ಡಿಗೆ ಬಂದದ್ದು ಏನನ್ನೋ ಹುಡುಕಲು ಅಲ್ಲ. ತಮ್ಮನ ಕೈಯ ಕೆಲಸ ಲಾರಿ ಹತ್ತುವ ಮುಂಚೆ ಒಮ್ಮೆ ಮುಟ್ಟಿ ನೋಡೋಣವೆಂದು ಬಂದಿದ್ದಳು, ಅಷ್ಟೆ. ಬಗ್ಗಿ ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ನಿಂತಿತು.

ಹಸಿ ಹಲಗೆಯನ್ನು ಒಂದರ ಮೇಲೊಂದು ಹಾಗೆಯೇ ಪೇರಿಸಿದರೆ ಬೂಸ್ಟು ಹಿಡಿದು ಕೆಡುತ್ತದೆ. ಅದಕ್ಕೇ ಒಂದು ವರಸೆಗೂ ಇನ್ನೊಂದು ವರಸೆಗೂ ನಡುವೆ ಅಡ್ಡಡ್ಡ ರೀಪು ಇಡುತ್ತಾರೆ. ಹೆಬ್ಬೆರಳು ದಪ್ಪದ ಮರದ ಪಟ್ಟಿ ಅದು. ನಡುವೆ ಗಾಳಿ ಆಡಲಿ ಎಂದು. ತಿಂಗಳುಗಟ್ಟಲೆ ಗಾಳಿ ಕುಡಿದು ಹಲಗೆಯ ಮೈ ಕಂದಿಹೋಗುತ್ತದೆ. ರೀಪು ಕೂತ ಜಾಗ ಮಾತ್ರ ಕೊಯ್ದ ದಿನದ ಬಣ್ಣದಲ್ಲೇ ಉಳಿಯುತ್ತದೆ, ಗಡಿಯಾರ ಬಿಚ್ಚಿದ ಮಣಿಕಟ್ಟಿನ ಹಾಗೆ.

ಅಂಥ ಬಿಳಿಚು ಪಟ್ಟೆ ಇಲ್ಲೂ ಇತ್ತು. ಹಲಗೆಯ ತುತ್ತತುದಿಯಲ್ಲಿ, ಅಂಚಿಗೆ ಅಂಟಿಕೊಂಡಂತೆ.

ಆದರೆ ಪಟ್ಟೆಯ ಮೇಲೆ ರೀಪು ಇರಲಿಲ್ಲ. ರೀಪು ಒಳಗಿತ್ತು. ಅಂಚಿನಿಂದ ಒಂದು ಗೇಣು ಒಳಗೆ.

ಅವಳು ಕೆಳಗಿನ ವರಸೆ ನೋಡಿದಳು. ಅಲ್ಲೂ ಹಾಗೆಯೇ. ಅದರ ಕೆಳಗೆ? ಅಲ್ಲೂ.

ಕಣ್ಣಿಗೆ ಹೊಟ್ಟು ಬಿದ್ದಿರಬೇಕೆಂದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ತಾನು ಕಂಡದ್ದನ್ನು ತಾನೇ ನಂಬದಿರುವುದು ಅವಳ ಹಳೆಯ ಚಾಳಿ. ಬಾಗಿಲಿಗೆ ಬೀಗ ಹಾಕಿ ಅರ್ಧ ದಾರಿ ಹೋದಮೇಲೂ ತಿರುಗಿ ಬಂದು ಎಳೆದು ನೋಡುವವಳು. ಈ ಸಲ ಎಷ್ಟು ಒರೆಸಿಕೊಂಡರೂ ಪಟ್ಟೆ ಪಟ್ಟೆಯ ಜಾಗದಲ್ಲೇ ಇತ್ತು, ರೀಪು ರೀಪಿನ ಜಾಗದಲ್ಲೇ.

ತಮ್ಮ ಕಟ್ಟಿದ್ದ ಅಟ್ಟಿಯನ್ನು ಯಾರೋ ಬುಡದ ತನಕ ಬಿಚ್ಚಿ, ಮತ್ತೆ ಕಟ್ಟಿದ್ದರು. ಇತ್ತೀಚೆಗೆ. ಹೊಸ ಜಾಗದಲ್ಲಿ ಹೊಸ ಪಟ್ಟೆ ಮೂಡುವಷ್ಟು ದಿನವೂ ಆಗಿರಲಿಲ್ಲ.

ಮತ್ತೆ ಕಟ್ಟಿದವನು ತಮ್ಮನಲ್ಲ. ತಮ್ಮ ಸತ್ತರೂ ರೀಪನ್ನು ಗೇಣು ಒಳಗೆ ಇಡುವವನಲ್ಲ.

ಹಾಗೆ ಇಡುವವರು ಯಾರು ಎಂದು ಅವಳಿಗೆ ಗೊತ್ತಿತ್ತು.

ಮಿಲ್ಲು ಶುರುವಾದಾಗ ಅವರು ಮೂವರೇ. ಕಬ್ಬಿಣದ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ ಅವಳ ಗಂಡ, ಹೊಲಿಗೆ ಬಿಟ್ಟು ಬಂದ ಅವಳು, ಮರ ಮಾರುವವರನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ಗಂಡನ ಶಾಲೆಯ ಗೆಳೆಯ. ಅವನಿಗೆ ದಿಮ್ಮಿರಾಯ ಎಂಬ ಹೆಸರು ಬಿದ್ದದ್ದು ಆಗಲೇ. ಮೂವರಲ್ಲಿ ಒಬ್ಬರಿಗೂ ಗರಗಸದ ಗಂಧವಿರಲಿಲ್ಲ.

ಕಲಿತದ್ದೆಲ್ಲ ಕೆಡಿಸಿಯೇ ಕಲಿತದ್ದು. ಮನೆಯಂಗಳದ ಮರ ಅಗ್ಗಕ್ಕೆ ಸಿಕ್ಕಿತೆಂದು ತಂದರು. ಯಾರೋ ಯಾವ ಕಾಲದಲ್ಲೋ ಬಟ್ಟೆ ಒಣಗಿಸಲು ಹೊಡೆದ ಮೊಳೆ ಮರದ ಹೊಟ್ಟೆಯೊಳಗಿತ್ತು, ಹೊಸ ಬ್ಲೇಡು ಚೂರಾಯಿತು. ಹಸಿ ಹಲಗೆಯನ್ನೇ ಮಾರಿದರು, ಗಿರಾಕಿ ಬಾಗಿಲನ್ನು ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಒಗೆದು, “ಸ್ವಾಮೀ, ನಾನು ಕೇಳಿದ್ದು ಬಾಗಿಲು. ನೀವು ಕೊಟ್ಟಿದ್ದು ದೋಣಿ. ಮನೆ ಮುಂದೆ ಹೊಳೆ ಇಲ್ಲ ನಂಗೆ” ಎಂದಿದ್ದ.

ಆಮೇಲೆ ಒಣಗಿಸಿ ಮಾರೋಣವೆಂದು ಮೂವರೂ ಸೇರಿ ಮೊದಲ ಅಟ್ಟಿ ಕಟ್ಟಿದರು. ರೀಪನ್ನು ಎಲ್ಲಿಡುವುದು? “ಮಂಚದ ಕಾಲು ಇರೋ ಹಾಗೆ, ಸ್ವಲ್ಪ ಒಳಗೆ,” ಎಂದಿದ್ದ ಗಂಡ. ಗೇಣಿನಲ್ಲಿ ಅಳೆದು ಅಳೆದು ಇಟ್ಟರು. ಬಿಸಿಲು ಬಲಿಯುವ ಹೊತ್ತಿಗೆ ಆಧಾರವಿಲ್ಲದ ತುದಿಗಳೆಲ್ಲ ಬಾಗಿ, ಬಾಯಿ ಬಿಟ್ಟುಕೊಂಡು ಸೀಳಿದ್ದವು. ಅರ್ಧಕ್ಕರ್ಧ ಸೌದೆಗೆ ಹೋಯಿತು.

ಆಗ ತಮ್ಮನನ್ನು ಕರೆಸಿದ್ದು. ಅವನು ಬೇರೊಂದು ಮಿಲ್ಲಿನಲ್ಲಿ ದುಡಿದು ಬಂದವನು. ಬಂದವನೇ ನಕ್ಕುಬಿಟ್ಟ. “ಅಕ್ಕಾ, ತುದಿಗೆ ತುದಿ ಸಮ ಇಡ್ಬೇಕು. ಕೈಯಾಡಿಸಿದ್ರೆ ಗೋಡೆ ಥರ ಇರ್ಬೇಕು.” ಪ್ರತಿ ರೀಪನ್ನೂ ಅಂಗೈಯಿಂದ ತಟ್ಟಿ ಅಂಚಿಗೆ ಕೂರಿಸುತ್ತಿದ್ದ. ಅಂದಿನಿಂದ ಅಟ್ಟಿ ಅವನ ಪಾಲಿಗೆ ಬಂತು. ಗಂಡ ಆಫೀಸಿನ ಮೇಜಿಗೆ ಹೋದ, ದಿಮ್ಮಿರಾಯ ಮರ ಕೊಳ್ಳಲು ಊರೂರು ತಿರುಗಿದ, ಅವಳು ಗಿರಾಕಿಗಳನ್ನು ನೋಡಿಕೊಂಡಳು. ಮೂವರಲ್ಲಿ ಯಾರೂ ಮತ್ತೆ ರೀಪು ಹಿಡಿಯಲಿಲ್ಲ.

ಪಾಠ ಕಲಿತದ್ದು ಮಿಲ್ಲು. ಅವರ ಕೈಗಳಲ್ಲ.

ಇವತ್ತು ಕಣ್ಣು ಕಟ್ಟಿ ಅಟ್ಟಿ ಕಟ್ಟು ಎಂದರೆ ಅವಳ ಕೈಯೂ ಗೇಣು ಅಳೆದೇ ಇಡುತ್ತದೆ. ಲೋಕದಲ್ಲಿ ಆ ತಪ್ಪು ಮಾಡುವವರು ಮೂವರೇ. ಒಬ್ಬ ಸತ್ತಿದ್ದಾನೆ. ಒಬ್ಬಳು ತಾನು.

“ಏನೇ ಅದು? ಲಾರಿ ಯಾಕೆ ನಿಲ್ಸಿದೀಯ?”

ಮೂರನೆಯವನು ಬಾಗಿಲಲ್ಲಿ ನಿಂತಿದ್ದ.

ಅಕ್ಕ ತಿರುಗಿ ಅಟ್ಟಿಯ ಮೇಲೆ ಕೂತುಬಿಟ್ಟಳು.

“ಅಯ್ಯೋ ದೇವರೇ!” ಎಂದ ಡ್ರೈವರ್. “ಯಜಮಾನ್ರೇ, ನಿಮ್ಮನೆಯವರು ಸೋಫಾ ಮಾಡ್ಕೊಂಡ್ರು.”

“ಏಳು,” ಎಂದ ಗಂಡ. ದನಿ ಮೆಲ್ಲಗಿತ್ತು. “ಗಿರಾಕಿ ಕಾಯ್ತಿದಾನೆ. ಇನ್‌ಸ್ಪೆಕ್ಟ್ರೇ ತಗೊಂಡು ಹೋಗಿ ಅಂದಿದಾರೆ. ನಿಂಗೇನು ಕಷ್ಟ?”

“ಮೇಲಿನವು ತಗೊಂಡು ಹೋಗಿ ಅಂದಿದ್ದು. ಬುಡದ ಮಾತು ಅವ್ರು ಆಡಿಲ್ಲ.”

“ಬುಡ ಇಟ್ಕೊಂಡು ಪೂಜೆ ಮಾಡ್ತೀಯಾ? ಮನುಷ್ಯ ಸತ್ತ ಜಾಗ ಕಣೇ ಇದು. ಬೇಗ ಖಾಲಿಯಾದಷ್ಟೂ ಒಳ್ಳೇದು.”

ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಪಾದದ ಹತ್ತಿರ, ಹಲಗೆಯ ತುದಿಯ ಮೇಲಿತ್ತು.

ಇಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿದ ಮನುಷ್ಯ. ಒಂದು ಮಾತು ಆಡಿದರೆ ತಮ್ಮ ಹೊರಗೆ ಬರುತ್ತಾನೆ, ಇವನು ಒಳಗೆ ಹೋಗುತ್ತಾನೆ. ಆಡದಿದ್ದರೆ ಲಾರಿ ಹೊರಡುತ್ತದೆ, ಹಲಗೆಗಳು ಯಾವುದೋ ಶಾಲೆಯ ಬೆಂಚುಗಳಾಗುತ್ತವೆ, ಮಕ್ಕಳು ಅವುಗಳ ಮೇಲೆ ಕೂತು ಮಗ್ಗಿ ಹೇಳುತ್ತಾರೆ.

ಅವಳು ಫೋನ್ ತೆಗೆದಳು.

“ಯಾರಿಗೆ?” ಎಂದ ಗಂಡ.

“ಇನ್‌ಸ್ಪೆಕ್ಟರ್ ಮೇಡಂಗೆ.”

ಅವನು ತಡೆಯಲಿಲ್ಲ. ಅದರಿಂದ ಅವಳಿಗೆ ಇನ್ನೂ ಹೆದರಿಕೆಯಾಯಿತು.

*

ಇನ್‌ಸ್ಪೆಕ್ಟರ್ ಮೇಡಂ ಜೀಪಿನಿಂದ ಇಳಿಯುವ ಮುಂಚೆಯೇ ಸೀನಿದರು. ಶೆಡ್ಡಿನ ಬಾಗಿಲಲ್ಲಿ ಇನ್ನೊಮ್ಮೆ. ಗಟ್ಟಿ ಮೈಕಟ್ಟಿನ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತಾಡಿದರು.

“ಈ ಹೊಟ್ಟಿಗೂ ನನ್ನ ಮೂಗಿಗೂ ಹಿಂದಿನ ಜನ್ಮದ ದ್ವೇಷ. ಬೇಗ ಹೇಳಿಯಮ್ಮ. ತಮ್ಮ ಒಳ್ಳೆಯವನು ಅನ್ನೋದೊಂದು ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳಿ.”

ಅಕ್ಕ ಮಂಡಿಯೂರಿ ತೋರಿಸಿದಳು. ಮೊದಲು ನಾಲಗೆ ತಡವರಿಸಿತು. ನಡುನಡುವೆ “ನಾನು ಹೇಳೋದು ತಪ್ಪಿದ್ರೂ ಇರ್ಬಹುದು” ಎಂದಳು. ಬಿಳಿಚು ಪಟ್ಟೆಯ ಮೇಲೆ ಬೆರಳಿಟ್ಟ ಮೇಲೆ ಮಾತು ತಾನಾಗಿ ಬಂತು. ಮಂಚದ ಕಾಲಿನ ಕಥೆಯನ್ನೂ ಹೇಳಿದಳು. ದೋಣಿಯ ಗಿರಾಕಿಯ ಕಥೆಯನ್ನು ಮಾತ್ರ ಬಿಟ್ಟಳು.

ಇನ್‌ಸ್ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಕರ್ಚೀಫು ಮೂಗಿನಿಂದ ಕೆಳಗಿಳಿದದ್ದು ಅವರಿಗೇ ತಿಳಿಯಲಿಲ್ಲ.

“ಅಂದ್ರೆ, ಈ ತುದಿಯಲ್ಲಿ ನಿಂತು ಕಟ್ಟಿದ್ದು ನಿಮ್ಮ ತಮ್ಮ ಬರೋ ಮುಂಚಿನ ಕೈ.”

“ಹೌದು ಮೇಡಂ.”

“ಅಟ್ಟಿ ಬೀಳೋ ಮುಂಚೆ ಮೋಟಾರು ಸುಟ್ಟು ಮಿಲ್ಲು ಮುಚ್ಚಿತ್ತಲ್ಲ, ಆಗ ಬಿಚ್ಚಿ ಕಟ್ಟಿರ್ಬೇಕು. ಕೆಲಸದವರು?”

“ರಜೆ ಕೊಟ್ಟು ಕಳಿಸಿದ್ವಿ.”

“ನೀವು?”

“ಅತ್ತೆಯವರ ಜೊತೆ ಆಸ್ಪತ್ರೇಲಿದ್ದೆ. ಹಗಲೂ ರಾತ್ರಿ.”

“ಗೊತ್ತು, ವಿಚಾರಿಸಿದೀನಿ.” ಇನ್‌ಸ್ಪೆಕ್ಟರ್ ಎದ್ದರು. ಮಂಡಿ ಲಟಕ್ಕೆಂದಿತು. “ಹಾಗಾದ್ರೆ ಮಿಲ್ಲಿನಲ್ಲಿ ಉಳಿದದ್ದು ಮೂರು ಗಂಡಸ್ರು. ಅದ್ರಲ್ಲಿ ಈ ತಪ್ಪು ಮಾಡೋರು ಇಬ್ರು. ಒಬ್ಬ ಹೆಣವಾದ. ಇನ್ನೊಬ್ಬರು ನಂಗೆ ಟೀ ಬೇಕಾ ಅಂತ ಕೂಡ ಕೇಳದೆ ಅಲ್ಲಿ ಕಂಬಕ್ಕೆ ಒರಗಿ ನಿಂತಿದಾರೆ. ಬನ್ನಿ ಯಜಮಾನ್ರೇ.”

ಗಂಡ ಬಂದ. ಅವನ ನಡಿಗೆಯಲ್ಲಿ ಆತುರವೂ ಇರಲಿಲ್ಲ, ಅಳುಕೂ ಇರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಬಂತೆನ್ನುವ ಹಾಗೆ ಬಂದ.

“ನಾನೇ,” ಎಂದ.

ಡ್ರೈವರ್ ಸದ್ದಿಲ್ಲದೆ ಶೆಡ್ಡಿನಿಂದ ಹೊರಗೆ ಸರಿದ.

“ಏನು ನೀವೇ?”

“ಅಟ್ಟಿ ಬಿಚ್ಚಿ ಕಟ್ಟಿದ್ದು. ಕೊಂದಿದ್ದಲ್ಲ. ಯಾರನ್ನೂ ಕೊಂದಿಲ್ಲ ನಾನು.”

“ರೀ...” ಎಂದಳು ಅಕ್ಕ.

ಅವನು ಅವಳ ಕಡೆ ನೋಡದೆ ಇನ್‌ಸ್ಪೆಕ್ಟರಿಗೇ ಹೇಳಿದ. ಮರಕ್ಕೆ ಒಡೆಯನಿದ್ದರೆ ದಿಮ್ಮಿಯ ತುದಿಯಲ್ಲಿ ಅವನು ಸುತ್ತಿಗೆಯಿಂದ ಒತ್ತಿದ ಗುರುತು ಇರುತ್ತದೆ. ದಿಮ್ಮಿರಾಯ ತರುತ್ತಿದ್ದ ಕೆಲವು ದಿಮ್ಮಿಗಳು ಕದ್ದವು. ಅಂಥವು ಬಂದಾಗ ಇಬ್ಬರೂ ಸೇರಿ ತುದಿಯನ್ನು ರೊಟ್ಟಿಯಷ್ಟು ದಪ್ಪಕ್ಕೆ ಕೊಯ್ದು ತೆಗೆಯುತ್ತಿದ್ದರು. ಗುರುತು ಕೊಯ್ದ ಆ ದುಂಡು ಬಿಲ್ಲೆಯ ಜೊತೆ ಹೋಗುತ್ತಿತ್ತು, ದಿಮ್ಮಿ ಮಿಲ್ಲಿನದಾಗುತ್ತಿತ್ತು.

ಅಕ್ಕನಿಗೆ ನೆನಪಾಯಿತು. ತಮ್ಮ ಅಂಗಳದ ನಡುವೆ ನಿಂತು, ಎಲ್ಲರೂ ಕೇಳುವ ಹಾಗೆ, “ಈ ದಿಮ್ಮಿಗಳಿಗೆ ಮುಖಾನೇ ಇಲ್ವಲ್ಲ, ಯಾಕೆ?” ಎಂದು ದಿಮ್ಮಿರಾಯನ ಎದೆಗೆ ಎದೆ ಕೊಟ್ಟು ಕೇಳಿದ್ದ. ಆ ಜಗಳವೇ ಈಗ ಅವನ ಕುತ್ತಿಗೆಗೆ ಬಂದಿತ್ತು. ಆಗ ಗಂಡ ಆಫೀಸಿನಿಂದ ತಲೆಯೆತ್ತಿಯೂ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂಬುದು ಈಗ ಅರ್ಥವಾಯಿತು.

“ಬಿಲ್ಲೆಗಳನ್ನ ಸುಡ್ಬೇಕಿತ್ತಲ್ವಾ?” ಎಂದರು ಇನ್‌ಸ್ಪೆಕ್ಟರ್.

“ನಾನೂ ಅದನ್ನೇ ಅಂದೆ. ಅವನು ಬೇಡ ಅಂದ. ಮಾರಿದವರು ನಾಳೆ ತಿರುಗಿ ಬಿದ್ರೆ ಕೈಯಲ್ಲೊಂದು ಹಿಡಿತ ಇರ್ಲಿ ಅಂದ. ಆಫೀಸಲ್ಲಿಟ್ರೆ ಇವಳು ನೋಡ್ತಾಳೆ, ಗೋದಾಮಲ್ಲಿಟ್ರೆ ಇವಳ ತಮ್ಮ ನೋಡ್ತಾನೆ. ಮೋಟಾರು ಸುಟ್ಟಾಗ ಅಟ್ಟಿ ಬಿಚ್ಚಿದ್ವಿ. ನಡುವಿನ ಹಲಗೆ ಬಿಟ್ಟು ಗೂಡು ಮಾಡಿ, ಒಳಗಿಟ್ಟು, ಮೇಲೆ ಕಟ್ಟಿದ್ವಿ. ಒಳಗೆ ಟೊಳ್ಳಲ್ವಾ, ಒಂದು ಕಡೆ ವಾಲ್ತು. ಕಂಬ ಆನಿಸಿದ್ವಿ.”

“ಹೂಂ. ಆ ಕಂಬ.” ಇನ್‌ಸ್ಪೆಕ್ಟರ್ ಶೆಡ್ಡಿನ ಮೂಲೆಯ ಕಡೆ ಕೈ ಮಾಡಿದರು. “ಅಟ್ಟಿ ತಾನಾಗಿ ಬಿದ್ದಿದ್ರೆ ಕಂಬ ಹಲಗೆಗಳ ಅಡಿಯಲ್ಲಿ ಸಿಗ್ಬೇಕಿತ್ತು. ನಮಗೆ ಸಿಕ್ಕಿದ್ದು ಆ ಮೂಲೆಯಲ್ಲಿ. ಛತ್ರಿ ಒರಗಿಸಿಟ್ಟ ಹಾಗೆ ಇತ್ತು. ಯಾರೋ ತೆಗೆದ ಮೇಲೇ ಅಟ್ಟಿ ಬಿದ್ದಿದ್ದು.”

“ಅವನೇ ತೆಗೆದಿರ್ಬೇಕು. ಬಿಲ್ಲೆ ತಗೊಳ್ಳೋಕೆ ಬಂದಿರ್ಬೇಕು. ನಂಗೂ ಹೇಳ್ದೆ. ಅಟ್ಟಿ ವಿಷಯ ಅವನಿಗೇನು ಗೊತ್ತು? ಕಂಬ ಅಡ್ಡ ಅಂತ ತೆಗೆದಿಟ್ಟ. ಬಿತ್ತು.”

“ಹೀಗಿದ್ದ ಮೇಲೆ ಮೊದಲ ದಿನವೇ ಬಾಯಿ ಬಿಡೋಕೇನಾಗಿತ್ತು?” ಅಕ್ಕನ ದನಿ ಅವಳಿಗೇ ಪರಿಚಯವಿಲ್ಲದ ಹಾಗೆ ಏರಿತು. “ಅವನು ಅಲ್ಲಿ ಕಲ್ಲು ನೆಲದ ಮೇಲೆ ಮಲಗಿದಾನೆ! ದಿನಾ ಊಟ ತಗೊಂಡು ಹೋಗ್ತೀನಿ ನಾನು. ‘ಭಾವ ಚೆನ್ನಾಗಿದಾರಾ ಅಕ್ಕಾ’ ಅಂತ ಕೇಳ್ತಾನೆ ಅವನು. ನಿಮ್ಮನ್ನ! ನಿಮ್ಮನ್ನ ಕೇಳ್ತಾನೆ!”

ಗಂಡ ಅವಳ ಕಡೆ ತಿರುಗಿದ.

“ಹೇಳಿದ್ರೆ ಮಿಲ್ಲು ಹೋಗ್ತಿತ್ತು.”

“ಹಾಳಾಗಿ ಹೋಗ್ಲಿ ಮಿಲ್ಲು!”

ಆ ಮಾತು ತಗಡಿನ ಸೂರಿಗೆ ಬಡಿದು ವಾಪಸು ಬಂತು. ಹೊರಗೆ ಲಾರಿಯವನ ಬೀಡಿಯ ಹೊಗೆ ಬಾಗಿಲಲ್ಲಿ ಸುಳಿದು ಹೋಯಿತು.

ಇನ್‌ಸ್ಪೆಕ್ಟರ್ ಒಂದು ಸೀನು ತಡೆದುಕೊಂಡು, ಅದು ಹೋದಮೇಲೆ ಕೇಳಿದರು.

“ಎರಡು ಪ್ರಶ್ನೆ ಯಜಮಾನ್ರೇ. ಅಟ್ಟಿ ಬಿದ್ದ ದಿನ ಕುಸಿದ ಹಲಗೆಗಳನ್ನೆಲ್ಲ ಒಂದೊಂದಾಗಿ ಎತ್ತಿಸಿದೋಳು ನಾನು. ಬಿಲ್ಲೆ ಅನ್ನೋದು ಒಂದೂ ಸಿಗಲಿಲ್ಲ. ಎಲ್ಲಿ ಹೋದ್ವು?”

“ಗೊತ್ತಿಲ್ಲ.”

“ಸತ್ತವನು ಜೇಬಲ್ಲಿಟ್ಕೊಂಡು ಹೋದನಾ?”

“ಗೊತ್ತಿಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ.”

“ಎರಡನೇದು. ಇಷ್ಟುದ್ದದ ಹಲಗೆ ಒಬ್ಬರ ಕೈಲಿ ಎತ್ತೋಕಾಗಲ್ಲ. ಈ ತುದಿ ನೀವು. ಆ ತುದಿ ಯಾರು?”

ಗಂಡ ತಡಮಾಡಲಿಲ್ಲ. “ಅವನೇ. ದಿಮ್ಮಿರಾಯ. ಇನ್ಯಾರಿರ್ತಾರೆ?”

ಇನ್‌ಸ್ಪೆಕ್ಟರ್ ತಲೆದೂಗಿದರು. ನಂಬಿದಂತೆಯೂ ಇರಲಿಲ್ಲ, ನಂಬದಂತೆಯೂ ಇರಲಿಲ್ಲ.

ಅಕ್ಕನಿಗೆ ಮಾತ್ರ ನಂಬಬೇಕೆನಿಸಿತು. ಸಿಟ್ಟಿನ ನಡುವೆಯೂ ಒಂದು ಸಣ್ಣ ಆಸೆ ತಲೆಯೆತ್ತಿತು. ಇದು ನಿಜವಾಗಿದ್ದರೆ ತಮ್ಮ ಹೊರಗೆ ಬರುತ್ತಾನೆ. ಗಂಡ ಕಳ್ಳ ಎನಿಸಿಕೊಳ್ಳುತ್ತಾನೆ, ಕೊಲೆಗಾರ ಎನಿಸಿಕೊಳ್ಳುವುದಿಲ್ಲ. ಸತ್ತವನನ್ನು ಅವನ ದುರಾಸೆಯೇ ಕೊಂದಿತು ಎಂದಾಗುತ್ತದೆ. ಮನೆ ಒಡೆಯುತ್ತದೆ, ಆದರೂ ಇಬ್ಬರೂ ಬದುಕಿರುತ್ತಾರೆ.

ಅದನ್ನು ಖಚಿತ ಮಾಡಿಕೊಳ್ಳುವ ದಾರಿಯೂ ಇತ್ತು. ದಿಮ್ಮಿರಾಯ ಜೀವಮಾನದಲ್ಲಿ ಅಟ್ಟಿ ಮುಟ್ಟಿದ್ದು ಆ ಮೊದಲ ಸಲ ಮಾತ್ರ. ಆಮೇಲೆ ತುದಿ ಸೀಳಿದ ಹಲಗೆ ಕಂಡಾಗಲೂ “ಸೌದೆಗಾಯ್ತು ಬಿಡು” ಎಂದು ನಕ್ಕು ಹೋದವನು. ಆ ಕಡೆಯ ತುದಿಯಲ್ಲಿ ನಿಂತಿದ್ದವನು ಅವನೇ ಆಗಿದ್ದರೆ, ಅಲ್ಲೂ ರೀಪು ಗೇಣು ಒಳಗೇ ಇರಬೇಕು.

“ನೋಡ್ತೀನಿ ಮೇಡಂ,” ಎಂದು ಅವಳು ಹೊರಟಳು.

“ಏನು ನೋಡ್ತೀಯ? ಅಲ್ಲೇನಿದೆ?” ಎಂದ ಗಂಡ.

ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ದನಿಯಲ್ಲಿ ಆತುರವಿತ್ತು.

ಅಟ್ಟಿಯ ಆಚೆ ತುದಿಗೂ ಹಿಂಗೋಡೆಗೂ ನಡುವೆ ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟೇ ಜಾಗ. ಇವತ್ತಿನ ತನಕ ಆ ಸಂದಿಯ ಬಾಯಿಗೆ ಪೊಲೀಸರು ಬದಿಗೆ ಸರಿಸಿದ್ದ ಹಲಗೆಗಳ ರಾಶಿಯೇ ಅಡ್ಡವಿತ್ತು; ಅವರೂ ಒಳಗೆ ಹೋಗಿರಲಿಲ್ಲ. ಲಾರಿಯವರು ಬೆಳಿಗ್ಗೆಯಷ್ಟೇ ರಾಶಿ ಎತ್ತಿ ದಾರಿ ಬಿಡಿಸಿದ್ದರು. ಅವಳು ಸೆರಗು ಸಿಕ್ಕಿಸಿ, ಉಸಿರು ಹಿಡಿದು ನುಗ್ಗಿದಳು. ಜೇಡರ ಬಲೆ ತುಟಿಗೆ ಅಂಟಿತು. ಗೋಡೆಯ ತಂಪು ಬೆನ್ನಿಗೆ ತಾಗಿತು. ಬೆಳಕು ಸಾಲದು. ಫೋನಿನ ದೀಪ ಹಚ್ಚಬಹುದಿತ್ತು. ಹಚ್ಚುವ ಮುಂಚೆ ಕೈಯೇ ಮುಂದಾಯಿತು.

ಗೇಣು ಬಿಡಿಸಿ ಅಂಚಿನ ಮೇಲಿಟ್ಟಳು. ಕಿರುಬೆರಳಿಗೆ ರೀಪು ಸಿಗಬೇಕು. ಸಿಗಲಿ ಎಂದು ಕೇಳಿಕೊಂಡಳು. ಯಾರನ್ನು ಕೇಳಿಕೊಂಡಳೋ, ಗಂಡನ ಮಾತು ನಿಜವಾಗಲಿ ಎಂದೇ ಕೇಳಿಕೊಂಡಳು.

ಕಿರುಬೆರಳಿಗೆ ಏನೂ ಸಿಗಲಿಲ್ಲ.

ಹೆಬ್ಬೆರಳಿಗೆ ಸಿಕ್ಕಿತು. ಅಂಚಿನಲ್ಲೇ.

ಕೈಯನ್ನು ಮೇಲಿನಿಂದ ಕೆಳಗಿನ ತನಕ ಇಳಿಸಿದಳು. ಹಲಗೆ, ರೀಪು, ಹಲಗೆ, ರೀಪು. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಗೋಡೆಯ ಥರ.

ಈ ತುದಿಯನ್ನು ಯಾರೂ ಬಿಚ್ಚಿರಲೇ ಇಲ್ಲವೇನೋ? ಆ ಕಡೆ ಮಾತ್ರ ಎತ್ತಿ, ಈ ಕಡೆ ಹಾಗೆಯೇ ಬಿಟ್ಟಿದ್ದಾರೇನೋ? ಅವಳು ಆ ಕೊನೆಯ ಎಳೆಗೆ ಜೋತುಬಿದ್ದು ದೀಪ ಹಚ್ಚಿದಳು.

ರೀಪುಗಳಲ್ಲಿ ಎರಡು ಹೊಸವು. ಹಳೆಯವು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅವೆರಡು ಇನ್ನೂ ಹಳದಿಯಾಗಿದ್ದವು; ಹಳೆಯದಕ್ಕಿಂತ ಅಗಲ ಕಡಿಮೆ. ಅವುಗಳ ಪಕ್ಕದಲ್ಲಿ ಹಳೆಯ ಬಿಳಿಚು ಪಟ್ಟೆ ನೂಲಿನಷ್ಟು ಹೊರಗೆ ಇಣುಕಿತ್ತು. ಈ ತುದಿಯನ್ನೂ ಬಿಚ್ಚಿದ್ದರು. ಹಳೆಯ ರೀಪು ಮುರಿದಿರಬೇಕು, ಹೊಸದು ತಂದು, ಅಂಗೈಯಿಂದ ತಟ್ಟಿ, ಅಂಚಿಗೆ ಸಮ ಕೂರಿಸಿದ್ದರು.

ಇದು ಪಾಠ ಕಲಿತ ಕೈ. ಪಾಠ ಕಲಿಸಿದ ಕೈ.

ಕೆಲಸದವರು ಊರಲ್ಲಿರಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಳು. ದಿಮ್ಮಿರಾಯನಿಗೆ ಅಂಚು ಯಾವುದು, ಗೇಣು ಯಾವುದು ಎಂದೇ ಗೊತ್ತಿರಲಿಲ್ಲ. ಉಳಿದವನು ಒಬ್ಬ. ಅವನನ್ನು ಉಳಿಸಲೆಂದೇ ಅವಳು ಬೆಳಿಗ್ಗೆಯಿಂದ ಲಾರಿಗೆ ಅಡ್ಡ ಕೂತಿದ್ದಳು.

ಮುಖವಿಲ್ಲದ ದಿಮ್ಮಿಗಳ ಬಗ್ಗೆ ಅಂಗಳದಲ್ಲಿ ಕೂಗಾಡಿದ ತಮ್ಮ, ಅವುಗಳ ಮುಖಗಳನ್ನು ಬಚ್ಚಿಡಲು ಭಾವನ ಎದುರು ತುದಿಯಲ್ಲಿ ನಿಂತಿದ್ದನೇ? ಕೂಗಾಟಕ್ಕೆ ಮುಂಚೆಯೋ, ಆಮೇಲೋ? ದಿನವೂ ಲಾಕಪ್ಪಿನ ಸರಳಿನಾಚೆಯಿಂದ “ಭಾವ ಚೆನ್ನಾಗಿದಾರಾ” ಎಂದು ಕೇಳಿದ್ದು ಪ್ರೀತಿಯಿಂದಲೇ? ಅಥವಾ ಭಾವ ಇನ್ನೂ ಬಾಯಿ ಬಿಟ್ಟಿಲ್ಲ ತಾನೇ ಎಂದು ತಿಳಿಯುವುದಕ್ಕೇ?

ಅವಳು ತಲೆಯೆತ್ತಿದಳು. ಸಂದಿಯ ಬಾಯಲ್ಲಿ, ಇನ್‌ಸ್ಪೆಕ್ಟರಿನ ಬೆನ್ನ ಹಿಂದೆ, ಗಂಡ ನಿಂತು ಅವಳನ್ನೇ ನೋಡುತ್ತಿದ್ದ. ಅವಳು ಕಂಡದ್ದೇನೆಂದು ಅವನಿಗೆ ಮೊದಲೇ ಗೊತ್ತಿತ್ತು. ಅವನು ತಲೆಯನ್ನು ಸ್ವಲ್ಪವೇ, ಕಂಡೂ ಕಾಣದಷ್ಟು, ಅತ್ತಿತ್ತ ಆಡಿಸಿದ.

ಬೇಡ.

ಎರಡು ರೀಪು. ಬೆರಳು ಸಿಕ್ಕಿಸಿ ಒಂದು ಗೇಣು ಒಳಗೆ ತಳ್ಳಿದರೆ ಸಾಕು. ಮೇಲೆ ಭಾರವೇನೂ ಉಳಿದಿಲ್ಲ, ಸುಲಭವಾಗಿ ಜಾರುತ್ತದೆ. ಉಳಿದವನ್ನೂ ಹಾಗೆಯೇ. ಅವಳ ಕೈಗೆ ಆ ಅಳತೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಏನಮ್ಮಾ?” ಇನ್‌ಸ್ಪೆಕ್ಟರ್ ಸೀನಿ ಮೂಗೊರೆಸಿಕೊಂಡರು. “ಅಲ್ಲೂ ಗೇಣು ಒಳಗೇ ಇದೆಯಾ? ಇದ್ರೆ ಇದೆ ಅನ್ನಿ, ನಿಮ್ಮ ತಮ್ಮನ ಕಾಗದ ಇವತ್ತೇ ಬರೆಸ್ತೀನಿ. ನನ್ನ ಮೂಗು ಇನ್ನು ತಡೆಯಲ್ಲ.”

ಅಕ್ಕನ ಬೆರಳು ಹಳದಿ ರೀಪಿನ ಮೇಲಿತ್ತು. ಅದನ್ನು ತಳ್ಳುವಷ್ಟು ಒತ್ತಿದಳು. ರೀಪು ಕೂದಲೆಳೆಯಷ್ಟು ಸರಿಯಿತು.

ಅಲ್ಲಿಗೇ ಕೈ ತೆಗೆದಳು.

“ಇಲ್ಲ ಮೇಡಂ,” ಎಂದಳು. “ಇಲ್ಲಿ ಅಂಚಿಗೆ ಸಮ ಇದೆ. ನೀವೇ ಬಂದು ನೋಡಿ. ಎರಡನ್ನ ನಾನು ಈಗ ಮುಟ್ಟಿದೀನಿ, ಅದನ್ನೂ ಬರ್ಕೊಳ್ಳಿ.”

ಗಂಡ ಕಣ್ಣು ಮುಚ್ಚಿಕೊಂಡ.

ಬಿಲ್ಲೆಗಳು ಎಲ್ಲಿವೆ ಎಂದು ಈ ಹೊತ್ತಿಗೆ ಗೊತ್ತಿಲ್ಲ. ಕಂಬವನ್ನು ತೆಗೆದು ಮೂಲೆಗೆ ಒರಗಿಸಿದ ಕೈ ಯಾವುದೆಂದೂ ಗೊತ್ತಿಲ್ಲ. ಗಂಡ ಬೇಡವೆಂದು ತಲೆಯಾಡಿಸಿದ್ದು ಅವಳ ತಮ್ಮನನ್ನು ಉಳಿಸುವುದಕ್ಕೋ, ತನ್ನನ್ನೇ ಉಳಿಸಿಕೊಳ್ಳುವುದಕ್ಕೋ, ಅದೂ ಗೊತ್ತಿಲ್ಲ. ಸಂಜೆ ಊಟದ ಡಬ್ಬಿ ಹಿಡಿದು ಲಾಕಪ್ಪಿನ ಮುಂದೆ ನಿಂತಾಗ, ಅವನು “ಅಕ್ಕಾ” ಎಂದರೆ ಏನೆಂದು ಓಗೊಡಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ.